ಬಾಯಿ ಮುಚ್ಕೊಂಡೇ ನಗಿ ಸಾರ್!

ಮಗಳ ಮದುವೆಯಲ್ಲಿ ಫೋಟೋದವನು "ಸಾರ್, ಸ್ವಲ್ಪ ನಗಿ" ಅಂದ. ನಕ್ಕೆ. ಕ್ಯಾಮೆರಾ ಇಳಿಸಿ, "ಬಾಯಿ ಮುಚ್ಕೊಂಡೇ ನಗಿ ಸಾರ್" ಅಂದ. ಮೂವತ್ತು ವರ್ಷದ ಫಿಲ್ಟರ್ ಕಾಫಿ, ಎಲೆಅಡಿಕೆ ಎಲ್ಲವೂ ನನ್ನ ಮುಂದಿನ ಹಲ್ಲುಗಳ ಮೇಲೆ ಶಿಲಾಶಾಸನದಂತೆ ಕೂತಿದ್ದವು.

ನಾವು ನಂಜನಗೂಡು ಹಲ್ಲುಪುಡಿಯ ಕಾಲದವರು. 1913ರಲ್ಲಿ ಶುರುವಾದ ಸದ್ವೈದ್ಯಶಾಲೆಯ ಆ ಗುಲಾಬಿ ಪುಡಿಯಲ್ಲಿ ಉಜ್ಜಿದ್ದಕ್ಕಿಂತ ನೆಕ್ಕಿದ್ದೇ ಹೆಚ್ಚು.

ಭಾವಮೈದುನ ಸಲಹೆ ಕೊಟ್ಟ: ನಿಂಬೆಹಣ್ಣು, ಉಪ್ಪು, ಇದ್ದಿಲು. ವಾರವಿಡೀ ತಿಕ್ಕಿದೆ. ಹಲ್ಲು ಬೆಳ್ಳಗಾಗಲಿಲ್ಲ, ತಣ್ಣೀರು ಕುಡಿದರೆ ಮಾತ್ರ ನೆತ್ತಿಯವರೆಗೆ ಜುಂ ಅನ್ನತೊಡಗಿತು.

"ಪಾತ್ರೆ ಅನ್ಕೊಂಡ್ರಾ?" ಎಂದರು ದಂತವೈದ್ಯೆ. ನಿಂಬೆಯ ಹುಳಿ ಎನಾಮಲ್ ಮೆದು ಮಾಡುತ್ತದೆ, ಇದ್ದಿಲು ಅದನ್ನು ಸವೆಸುತ್ತದೆ, ಸವೆದದ್ದು ಮತ್ತೆ ಬೆಳೆಯುವುದಿಲ್ಲವಂತೆ. ಮೆತ್ತನೆಯ ಬ್ರಷ್ಷು, ಬಟಾಣಿಯಷ್ಟು ಪೇಸ್ಟು, ದಿನಕ್ಕೆರಡು ಸಲ, ಸಲಕ್ಕೆ ಎರಡು ನಿಮಿಷ. ಎರಡು ನಿಮಿಷ ಎಷ್ಟು ಉದ್ದ ಅನ್ನುವುದು ಬಾಯಲ್ಲಿ ನೊರೆ ತುಂಬಿಕೊಂಡು ಗಡಿಯಾರ ನೋಡಿದವರಿಗೇ ಗೊತ್ತು.

ಕ್ಲೀನಿಂಗ್ ಆದಮೇಲೆ ನಾಲಗೆ ಆಡಿಸಿ ಗಾಬರಿಯಾದೆ. "ಡಾಕ್ಟ್ರೇ, ಹಲ್ಲಲ್ಲಿ ಸಂದಿ ಬಿಟ್ಟಿದೆ!"

"ಸಂದಿ ಮೊದಲೇ ಇತ್ತು. ನಾನು ಗಾರೆ ತೆಗೆದೆ, ಅಷ್ಟೆ."

ಬ್ಲೀಚಿಂಗ್ ಖರ್ಚು ಕೇಳಿ, ಇದ್ದ ಬಣ್ಣವೇ ಲಕ್ಷಣವಾಗಿ ಕಂಡಿತು. ಮನೆಗೆ ಬಂದು ಹೆಂಡತಿಯೆದುರು ಮೂವತ್ತೆರಡೂ ಕಾಣುವಂತೆ ನಿಂತೆ.

"ಯಾಕ್ರೀ ಹಾಗೆ ಹಲ್ಲು ಕಿರೀತಿದ್ದೀರಿ? ಹಾಲು ತರೋದು ಮರೆತ್ರಾ?"