ಶ್ರೀಮಾನ್ ಜೆನ್ಯೂನ್ ರಟ್ಟಿನ ಡಬ್ಬಿಯವರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಶ್ರೀಮಾನ್ ಜೆನ್ಯೂನ್ ರಟ್ಟಿನ ಡಬ್ಬಿಯವರು,
ಪಾರ್ಟ್ಸ್ ಕೌಂಟರ್, ಅಧಿಕೃತ ಸರ್ವಿಸ್ ಸೆಂಟರ್, ಬೆಂಗಳೂರು.

ವಿಷಯ: ತಮ್ಮ ಬೆಲೆ ಎಷ್ಟು, ತಮ್ಮೊಳಗಿನ ಬ್ರೇಕ್ ಪ್ಯಾಡಿನ ಬೆಲೆ ಎಷ್ಟು ಎಂದು ಬಿಡಿಸಿ ಹೇಳುವ ಬಗ್ಗೆ.

ಮಾನ್ಯರೇ,

ವಾರಂಟಿ ಮುಗಿದ ಕಾರಿನ ಮಾಲೀಕನಾದ ನಾನು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಸರ್ವಿಸಿಗೆ ಬಂದಾಗ ತಮ್ಮವರು ಎಸಿ ಲಾಂಜಿನಲ್ಲಿ ಕೂರಿಸಿ, ಬಿಟ್ಟಿ ಕಾಫಿ ಕೊಟ್ಟು, "ಸರ್, ಮುಂದಿನ ಪ್ಯಾಡ್ ಸವೆದಿದೆ, ಜೆನ್ಯೂನೇ ಹಾಕಿಸಿಬಿಡಿ" ಅಂದರು. ಎಸ್ಟಿಮೇಟ್ ನೋಡಿದ ಮೇಲೆ ಕಾಫಿ ಬಿಟ್ಟಿಯದಲ್ಲ ಎಂದು ಖಾತ್ರಿಯಾಯಿತು.

ನೇರ ಜೆ.ಸಿ. ರಸ್ತೆಗೆ ಹೋದೆ. "ಒರಿಜಿನಲ್ಲಾ, ಓಇಎಮ್ಮಾ, ಲೋಕಲ್ಲಾ?" ಎಂದು ಕೇಳಿದ ಅಂಗಡಿಯವರು ಮೂರನ್ನೂ ಕೌಂಟರಿನ ಮೇಲಿಟ್ಟರು. ಮೊದಲನೆಯದು ತಮ್ಮ ಆಶ್ರಯದಲ್ಲಿತ್ತು. ಎರಡನೆಯದು ಪ್ಯಾಡ್ ತಯಾರಿಸಿದವರ ಸ್ವಂತ ಡಬ್ಬಿಯಲ್ಲಿತ್ತು. ಮಗುಚಿ ನೋಡಿದರೆ ಎರಡರ ಬೆನ್ನಿನ ಉಕ್ಕಿನ ತಗಡಿನ ಮೇಲೂ ಒಂದೇ ತಯಾರಕರ ಹೆಸರು! ಬೆಲೆ ಮಾತ್ರ ಬೇರೆ. ಮೂರನೆಯದಕ್ಕೆ ಹೆಸರೂ ಇಲ್ಲ, ಊರೂ ಇಲ್ಲ. ಉಗುರಿನಿಂದ ಕೆರೆದರೆ ಪುಡಿ ಉದುರಿತು. ಅದರ ಬೆಲೆ ಕೇಳಿ ಆದ ಸಂತೋಷ, ಚಾರ್ಮಾಡಿ ಘಾಟಿ ನೆನಪಾದ ಕೂಡಲೇ ಇಳಿದುಹೋಯಿತು.

ಕಾರು ಕಂಪನಿಗಳು ಪ್ಲಗ್, ಫಿಲ್ಟರ್, ಕ್ಲಚ್, ಪ್ಯಾಡುಗಳನ್ನು ಬಹುಪಾಲು ಬೇರೆಯವರಿಂದ ಮಾಡಿಸಿಕೊಳ್ಳುತ್ತವೆ ಎಂಬುದು ಗುಟ್ಟೇನಲ್ಲ. ನಮ್ಮ ಆಡುಗೋಡಿಯ ಮೈಕೋ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿತು. ಹಳೇ ಮೆಕ್ಯಾನಿಕ್‌ಗಳ ಬಾಯಲ್ಲಿ ಅದಿನ್ನೂ ಮೈಕೋ ಪ್ಲಗ್ಗೇ. ಅವರು ನಂಬುವುದು ಮಾಡಿದವನನ್ನು, ತಮ್ಮನ್ನಲ್ಲ. ದಯವಿಟ್ಟು ನೊಂದುಕೊಳ್ಳಬೇಡಿ.

ತಮ್ಮ ಪ್ರತಿಷ್ಠೆಯ ವಿಚಾರ ದೆಹಲಿಯವರೆಗೂ ಹೋಗಿತ್ತು. ಬಿಡಿಭಾಗಗಳು ಹೊರಗಿನ ಮಾರುಕಟ್ಟೆಗೆ ಸಿಗದಂತೆ ಕಟ್ಟಿಹಾಕಿದ್ದಕ್ಕೆ ಭಾರತೀಯ ಸ್ಪರ್ಧಾ ಆಯೋಗ ಆಗಸ್ಟ್ 2014ರಲ್ಲಿ 14 ಕಾರು ಕಂಪನಿಗಳಿಗೆ ಸುಮಾರು 2,545 ಕೋಟಿ ರೂಪಾಯಿ ದಂಡ ಹಾಕಿತು. ಹೊರಗಡೆ ರಿಪೇರಿ ಮಾಡಿಸಿದ ಮಾತ್ರಕ್ಕೆ ವಾರಂಟಿ ಪೂರ್ತಿ ರದ್ದು ಎಂದು ಷರತ್ತು ಹಾಕಕೂಡದು ಎಂದಿತು. ಕಂಪನಿಗಳು ಮೇಲ್ಮನವಿಯ ಮೆಟ್ಟಿಲೇರಿದವು. ಲಾಂಜಿನಲ್ಲಿ ಮಾತ್ರ "ಹೊರಗಡೆ ಕೈ ಹಾಕಿಸಿದ್ರೆ ವಾರಂಟಿ ಹೋಯ್ತು ಸರ್" ಎಂಬ ಮಂತ್ರಪಠಣ ನಿಂತಿಲ್ಲ.

ತಮ್ಮನ್ನು ಪೂರಾ ತಿರಸ್ಕರಿಸುವಷ್ಟು ಕೃತಘ್ನ ನಾನಲ್ಲ. ಏರ್‌ಬ್ಯಾಗ್, ಸೀಟ್‌ಬೆಲ್ಟ್, ಸೆನ್ಸರ್‌ಗಳ ಮಟ್ಟಿಗೆ ತಮಗೆ ಸಾಷ್ಟಾಂಗ ನಮಸ್ಕಾರ. ಲೋಕಲ್ ಬಂಪರ್ ಕೂರಿಸಿದ ಮೇಲೆ ಸಂದಿನಲ್ಲಿ ಬೆರಳು ತೂರಿಸಿ ನೋಡಿದವರು ಬಾಡಿ ಪಾರ್ಟಿಗೂ ತಮ್ಮ ಬಳಿಗೇ ಬರುತ್ತಾರೆ. ಆದರೆ ವೈಪರ್ ರಬ್ಬರಿಗೂ ಏರ್ ಫಿಲ್ಟರಿಗೂ ಬಲ್ಬಿಗೂ ತಾವೇ ಏಕೆ ದಯಮಾಡಿಸಬೇಕು? ಹೆಸರುವಾಸಿ ತಯಾರಕರ ಮಾಲು, ಸರಿಯಾದ ಪಾರ್ಟ್ ನಂಬರ್, ಜಿಎಸ್‌ಟಿ ಬಿಲ್ಲು: ಇಷ್ಟಿದ್ದರೆ ನನ್ನ ಕಾರಿಗೆ ಯಾವ ಅವಮಾನವೂ ಆಗುವುದಿಲ್ಲ.

ಕೊನೆಯದಾಗಿ ತಮ್ಮ ನಡತೆಯ ಬಗ್ಗೆ ಒಂದು ದೂರು. ಒಳಗಿನ ಪಾರ್ಟ್ ಕಾರು ಸೇರಿದ ಮೇಲೂ ತಾವು ನಿವೃತ್ತರಾಗುವುದಿಲ್ಲ. ಗುಜರಿಯ ದಾರಿ ಹಿಡಿದು, ಹಾಲೋಗ್ರಾಂ ಸಮೇತ ನಕಲಿ ಮಾಲಿನ ಹೊಟ್ಟೆ ತುಂಬಿಸಿಕೊಂಡು, ಮತ್ತೆ ಜೆನ್ಯೂನ್ ಎಂದೇ ಅಂಗಡಿಗೆ ಮರಳುತ್ತೀರಿ. ಹಾಗಾಗಿ ಮುಂದಿನ ಸಲ ತಮ್ಮನ್ನು ಕೊಂಡರೆ, ಸರ್ವಿಸ್ ಅಡ್ವೈಸರ್ ಎದುರಿಗೇ ನಾಲ್ಕು ಚೂರು ಮಾಡಿ ಹರಿದುಹಾಕುತ್ತೇನೆ. ಅಷ್ಟು ದುಡ್ಡು ಕೊಟ್ಟವನಿಗೆ ಅಷ್ಟಾದರೂ ಹಕ್ಕಿರಬೇಕಲ್ಲವೇ?

ಇಂತಿ ತಮ್ಮ ವಿಧೇಯ,
ವಾರಂಟಿ ಮುಗಿದವನು