ಕಲ್ಲು ಇಡೋ, ಕಲ್ಲು!

ಗುಡವಿ ಕಡೆ ಮನೆ ಏರಿನ ಮೇಲಾದರೆ ಅಡಿಕೆ ತೋಟ ತಗ್ಗಿನಲ್ಲಿ. ಮರದ ಸಾಲಿನ ನಡುವೆ ನುಸುಳುವ ಮಿನಿ ಟ್ರ್ಯಾಕ್ಟರ್ ಬಂದಮೇಲೆ ಊರಿಗೊಬ್ಬರಾದರೂ ಇಂಥ ಯಜಮಾನರು ಸಿಗುತ್ತಾರೆ. ಗಾಡಿ ಬಂದದ್ದು ಇಂಜಿನ್ ಸದ್ದಿಗಿಂತ ಮೊದಲು ಅವರ ಕೂಗಿನಿಂದ ಗೊತ್ತಾಗುತ್ತದೆ: "ಕಲ್ಲು ಇಡೋ, ಕಲ್ಲು!"

ಕಲ್ಲಿಡಲೆಂದೇ ಟ್ರೇಲರಿನಲ್ಲಿ ಒಬ್ಬ ಹುಡುಗ ಖಾಯಂ. ಕಲ್ಲೂ ಖಾಯಂ, ಒಂದು ಮಗ್ಗುಲು ಚಪ್ಪಟೆ, ಇನ್ನೊಂದು ಟೈರಿಗೆ ತಿಕ್ಕಿ ತಿಕ್ಕಿ ಹದವಾಗಿ ಸವೆದದ್ದು. ಯಾರಾದರೂ ಅದನ್ನು ಪಂಪ್‌ಸೆಟ್ಟಿನ ಅಡಿಗೆ ಒಯ್ದರೆ ಮನೆಯಲ್ಲಿ ಆ ದಿನ ಊಟ ಸೇರುವುದಿಲ್ಲ.

ಹಾಗಂತ ಹ್ಯಾಂಡ್‌ಬ್ರೇಕ್ ಇಲ್ಲವೆಂದಲ್ಲ. ಪೆಡಲ್ ತುಳಿದು ಹಿಡಿಕೆ ಎಳೆದರೆ ಕೊಕ್ಕೆ ಹಲ್ಲಿಗೆ ಸಿಕ್ಕಿ ನಿಲ್ಲಬೇಕು. ಹಲ್ಲು ಸವೆದಿದೆ. 'ಟಕ್' ಎಂದು ಸಿಕ್ಕಿದ್ದು, ಇವರು ಇಳಿದು ಎಲೆಯಡಿಕೆ ಸಂಚಿ ಬಿಚ್ಚುವಷ್ಟರಲ್ಲಿ ಇನ್ನೊಂದು 'ಟಕ್' ಎಂದು ಬಿಡುತ್ತದೆ. ಗೇರಿನಲ್ಲಿ ನಿಲ್ಲಿಸೋಣವೆಂದರೆ ಕಂಪ್ರೆಷನ್ ಹೋದ ಇಂಜಿನ್ 'ಟುಸ್, ಟುಸ್' ಎನ್ನುತ್ತ ಗೇಣು ಗೇಣಾಗಿ ಜಾರುತ್ತದೆ. ಎಡ-ಬಲ ಬ್ರೇಕ್ ಪೆಡಲು ಜೋಡಿಸುವ ಪಟ್ಟಿಯನ್ನು ಗದ್ದೆಯಲ್ಲಿ ಚಕ್ಕನೆ ತಿರುಗಿಸಲೆಂದು ಬಿಚ್ಚಿದವರು ರಸ್ತೆಗೆ ಬಂದಮೇಲೂ ಹಾಕುವುದಿಲ್ಲ. ಬ್ರೇಕ್ ಹಿಡಿಯುವುದು ಒಂದೇ ಚಕ್ರಕ್ಕೆ. ನಿಲ್ಲಬೇಕಾದ ಗಾಡಿ ಪಕ್ಕದವರ ಬೇಲಿಯ ಯೋಗಕ್ಷೇಮ ವಿಚಾರಿಸಲು ಹೊರಡುತ್ತದೆ. (ನಗುವ ವಿಷಯವಲ್ಲ, ಟ್ರೇಲರಿನ ಭಾರ ಹಿಂದಿನಿಂದ ದೂಡುವಾಗ ಇಂಥವೇ ಮಗುಚುತ್ತವೆ.)

"ಲೈನರ್ ಹಾಕಿ ಫ್ರೀ ಪ್ಲೇ ಸರಿಮಾಡ್ತೀನಿ, ತನ್ನಿ" ಎಂದು ಸೊರಬದ ಮೆಕ್ಯಾನಿಕ್ ಹೇಳುತ್ತಲೇ ಇದ್ದಾನೆ. "ಕೊನೆಕೊಯ್ಲು ಮುಗೀಲಿ ಮಾರಾಯ." ಕೊಯ್ಲು ಮುಗಿದರೆ ಗೊಬ್ಬರ, ಗೊಬ್ಬರ ಮುಗಿದರೆ ಶುಂಠಿ.

ಮಳೆಗಾಲದಲ್ಲಿ ಗುಡವಿ ಪಕ್ಷಿಧಾಮಕ್ಕೆ ಬಂದ ಬೆಂಗಳೂರಿನವರು ದಾರಿ ಕೇಳಿದರೆ, ಒಂದು ಕಾಲನ್ನು ಟೈರಿಗೆ ಒತ್ತಿಕೊಂಡೇ ಹಾವಕ್ಕಿ ಯಾವುದು, ನೀರುಕಾಗೆ ಯಾವುದು ಎಂದೆಲ್ಲ ವಿವರಿಸುತ್ತಾರೆ. ಕೇಳಿದವರು ಅದನ್ನು ಠೀವಿ ಎಂದುಕೊಂಡು ಫೋಟೋ ತೆಗೆಯುತ್ತಾರೆ.

ಅಸಲಿಗೆ ಬ್ಯಾಟರಿಯೂ ಸತ್ತಿತ್ತು. ಅದಕ್ಕೇ ಇಳಿಜಾರು ಹುಡುಕಿಯೇ ನಿಲ್ಲಿಸುವುದು: ಕಲ್ಲು ತೆಗೆದು, ಉರುಳಲು ಬಿಟ್ಟು, ಕ್ಲಚ್ ಬಿಟ್ಟರೆ ಗಾಡಿ ಚಾಲೂ. ಕೊನೆಗೆ ಹೆಂಡತಿ ಹಾಲಿನ ದುಡ್ಡಲ್ಲಿ ಹೊಸ ಬ್ಯಾಟರಿ ಹಾಕಿಸಿದರು. "ಇನ್ನಾದರೂ ಬ್ರೇಕ್ ಮಾಡಿಸಿ" ಎಂದರು.

"ಬ್ಯಾಟರಿ ಬಂತಲ್ಲೇ! ಇನ್ನು ಸಮತಟ್ಟಲ್ಲೇ ನಿಲ್ಲಿಸ್ತೀನಿ. ಬ್ರೇಕ್ ಎಂತಕ್ಕೆ?"