ಟನ್ನಿಗೆ ಎಷ್ಟು ಗ್ರಾಂ ಚಿಟ್ಟೆ?

ಚಿನ್ನ ತೆಗೆದ ಊರಿನಲ್ಲಿ ಚಿಟ್ಟೆ ಹುಡುಕಿಕೊಂಡು ತಿರುಗುವವನಿಗೆ ಮರ್ಯಾದೆ ಸಿಗುವುದು ಕಷ್ಟ. ಕೆ.ಜಿ.ಎಫ್.ನಲ್ಲಿ ನೆಲ ನೋಡುತ್ತ ನಿಂತವನನ್ನು ಯಾರೂ ತಪ್ಪು ತಿಳಿಯುವುದಿಲ್ಲ. ಏನೋ ಸಿಕ್ಕಿರಬೇಕು ಎಂದು ತಾವೂ ಬಂದು ಬಗ್ಗುತ್ತಾರೆ. ಎಕ್ಕದ ಎಲೆಗಳನ್ನು ಮಗುಚಿ ನೋಡುವವನನ್ನು ಕಂಡರೆ ಮಾತ್ರ, ಪಾಪ, ಮನೆಯಲ್ಲಿ ಯಾರೂ ಇಲ್ಲವೇ ಎಂದು ವಿಚಾರಿಸುತ್ತಾರೆ. ರಾಬರ್ಟ್‌ಸನ್‌ಪೇಟೆಯ ನಮ್ಮ ಬೀದಿಯ ಹುಡುಗರು ನನಗೆ ‘ಪೂಚಿ ಸಾರ್’ ಎಂದು ನಾಮಕರಣ ಮಾಡಿಯಾಗಿದೆ. ಗಣಿಯಲ್ಲಿ ದುಡಿದು ನಿವೃತ್ತರಾದ ಪಕ್ಕದ ಮನೆಯ ತಾತನಂತೂ ನನ್ನ ಕ್ಯಾಮೆರಾ ಕಂಡಾಗಲೆಲ್ಲ ಕೇಳುವುದು ಒಂದೇ ಪ್ರಶ್ನೆ.

“ಟನ್ನಿಗೆ ಎಷ್ಟು ಗ್ರಾಂ ಬತ್ತದೆ ಸಾರ್?”

ಪ್ರಶ್ನೆ ನ್ಯಾಯವಾದದ್ದೇ. ಒಂದು ಕಾಲಕ್ಕೆ ಟನ್ ಕಲ್ಲಿಗೆ ನಲವತ್ತು ಗ್ರಾಂ ಮೀರಿ ಚಿನ್ನ ಕೊಟ್ಟ ಗಣಿಗಳು ಸುಮಾರು ಮೂರು ಗ್ರಾಂಗೆ ಇಳಿದು, 2001ರ ಫೆಬ್ರವರಿ 28ರಂದು ಬಾಗಿಲು ಹಾಕಿದವು. ಅದನ್ನು ಕಣ್ಣಾರೆ ಕಂಡವರಿಗೆ ಯಾವ ಕಸುಬಾದರೂ ಗ್ರಾಂ ಲೆಕ್ಕದಲ್ಲೇ ಅರ್ಥವಾಗಬೇಕು. ನನ್ನ ಕಸುಬಿನಲ್ಲಿ ಒಂದು ಗ್ರಾಂ ತೂಗಬೇಕಾದರೆ ಎರಡು ಮೂರು ಚಿಟ್ಟೆಗಳನ್ನು ಒಟ್ಟಿಗೆ ತಕ್ಕಡಿಯಲ್ಲಿ ಕೂರಿಸಬೇಕು, ಅವು ಕೂರುವುದಿಲ್ಲ. “ಏನೂ ಬರಲ್ಲ ತಾತ” ಎಂದರೆ ಅವರು ನಂಬುವುದಿಲ್ಲ. ಏನೂ ಬಾರದ ಕೆಲಸಕ್ಕೆ ಯಾರಾದರೂ ಬಿಸಿಲಲ್ಲಿ ಹೋಗುತ್ತಾರೆಯೇ?

ಚಿಟ್ಟೆ ಹಿಡಿದು ಪೆಟ್ಟಿಗೆಯಲ್ಲಿ ಸೂಜಿ ಚುಚ್ಚಿಡುವ ಹಳೆಯ ದೊರೆಗಳ ಬಳಿ ಒಂದು ಗಾಜಿನ ಸೀಸೆ ಇರುತ್ತಿತ್ತು. ತಳದಲ್ಲಿ ಪೊಟ್ಯಾಸಿಯಂ ಸೈನೈಡ್, ಮೇಲೆ ಪ್ಲಾಸ್ಟರ್. ಚಿಟ್ಟೆಯನ್ನು ಒಳಗೆ ಬಿಟ್ಟು ಮುಚ್ಚಳ ಹಾಕಿದರೆ ಮುಗಿಯಿತು. ಇನ್ನು ನಮ್ಮೂರಿನ ಸೈನೈಡ್ ಸಂಬಂಧ ಹೇಳುವುದೇ ಬೇಡ. ಪುಡಿಮಾಡಿದ ಅದುರಿನಿಂದ ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆಯುವ ವಿಧಾನಕ್ಕೆ 1887ರಲ್ಲಿ ಸ್ಕಾಟ್‌ಲೆಂಡಿನವರು ಪೇಟೆಂಟ್ ಪಡೆದರು. ಅದರ ಪ್ರಸಾದವಾಗಿ ನಮಗೆ ಉಳಿದದ್ದು ಊರ ತುಂಬ ಸೈನೈಡ್ ದಿಬ್ಬಗಳು. ಗಾಳಿ ಬೀಸಿದ ದಿನ ಒಗೆದ ಬಟ್ಟೆಯ ಮೇಲೂ ಅವುಗಳ ದೂಳೇ.

ತಮಾಷೆಯೆಂದರೆ, ಈ ವಿಷದ ವ್ಯವಹಾರದಲ್ಲಿ ಚಿಟ್ಟೆಗಳು ನಮಗಿಂತ ಹಳಬರು. ಟಾನಿ ಕೋಸ್ಟರ್ ಎಂಬ ಕಿತ್ತಳೆ ಬಣ್ಣದ ಚಿಟ್ಟೆಯ ಹುಳು ಕೃಷ್ಣಕಮಲದ ಜಾತಿಯ ಬಳ್ಳಿ ಮೇಯುತ್ತದೆ. ಸೈನೈಡ್ ಹೊಮ್ಮಿಸುವ ರಾಸಾಯನಿಕವನ್ನು ಮೈಯಲ್ಲೇ ಇಟ್ಟುಕೊಂಡು ನಿಧಾನವಾಗಿ, ಯಾರ ಹಂಗೂ ಇಲ್ಲದಂತೆ ಹಾರುತ್ತದೆ. ತಿಂದ ಹಕ್ಕಿ ಉಗುಳಬೇಕು. ಎಕ್ಕ ತಿಂದು ಬೆಳೆದ ಪ್ಲೇನ್ ಟೈಗರ್‌ನ ಗತ್ತೂ ಅಂಥದ್ದೇ, ವಿಷ ಮಾತ್ರ ಬೇರೆ. ಈ ಗತ್ತನ್ನು ನೋಡಿ, ವಿಷವಿಲ್ಲದ ಡ್ಯಾನೈಡ್ ಎಗ್‌ಫ್ಲೈ ಹೆಣ್ಣು ಪ್ಲೇನ್ ಟೈಗರ್‌ನ ವೇಷವನ್ನೇ ಹಾಕಿಕೊಂಡು ತಿರುಗುತ್ತದೆ. ಗಣಿಯ ಬ್ಯಾಡ್ಜ್ ಹಾಕಿಕೊಂಡು ಬಿಟ್ಟಿ ಸಿನಿಮಾ ನೋಡುವವರು ಚಿಟ್ಟೆಗಳಲ್ಲೂ ಇದ್ದಾರೆ ಎಂದಾಗಲೇ ತಾತನಿಗೆ ಮೊದಲ ಸಲ ವಿಷಯದಲ್ಲಿ ಆಸಕ್ತಿ ಹುಟ್ಟಿದ್ದು.

ಗುರುತು ಹಿಡಿಯುವ ಕಷ್ಟವೂ ಇಲ್ಲಿಂದಲೇ ಶುರು. ಕಾಮನ್ ಮಾರ್ಮನ್ ಹೆಣ್ಣುಗಳಿಗೆ ಮೂರು ರೂಪ. ಒಂದು ಗಂಡಿನಂತೆಯೇ, ಇನ್ನೊಂದು ಕಾಮನ್ ರೋಸ್‌ನಂತೆ, ಮತ್ತೊಂದು ಕ್ರಿಮ್‌ಸನ್ ರೋಸ್‌ನಂತೆ. ರೋಸ್‌ಗಳ ಹುಳುಗಳು ಈಶ್ವರಿ ಬಳ್ಳಿ ತಿಂದು ವಿಷವಾಗುತ್ತವೆ. ಮಾರ್ಮನ್ ಹುಳು ನಿಂಬೆ, ಕರಿಬೇವು ತಿಂದುಕೊಂಡು ಸಂಸಾರಸ್ಥನಾಗಿಯೇ ಇರುತ್ತದೆ. ರೆಕ್ಕೆ ನೋಡಬೇಡಿ, ಮೈ ನೋಡಿ: ಮೈ ಕೆಂಪಿದ್ದರೆ ಅಸಲಿ, ಕಪ್ಪಿದ್ದರೆ ನಕಲಿ. ಇಷ್ಟು ಗೊತ್ತಾದರೆ ನೀವು ಟೀ ಅಂಗಡಿಯಲ್ಲಿ ತಜ್ಞರು. ಹೆಸರುಗಳಂತೂ ಇನ್ನೂ ಮಜಾ. 1758ರಲ್ಲಿ ಲಿನೇಯಸ್ ಚಿಟ್ಟೆಗಳಿಗೆ ಟ್ರಾಯ್ ಯುದ್ಧದ ವೀರರ ಹೆಸರುಗಳನ್ನು ಹಂಚಿಬಿಟ್ಟ. ಹಾಗಾಗಿ ಕ್ರಿಮ್‌ಸನ್ ರೋಸ್ ಆದ ಹೆಕ್ಟರ್ ಮಹಾಶಯ ಆಂಡರ್ಸನ್‌ಪೇಟೆಯ ಲಂಟಾನ ಪೊದೆಯಲ್ಲಿ ಜೇನು ಹೀರುತ್ತಿರುತ್ತಾನೆ, ಅವನ ವೇಷ ಹಾಕಿದ ಮಾರ್ಮನ್ ಹೆಣ್ಣಿನ ರೂಪಕ್ಕೆ ರೋಮುಲಸ್ ಎಂದು ಹೆಸರು. ಹೆಂಗಸಿಗೆ ಗಂಡಸಿನ ಹೆಸರು ಏಕೆಂದು ವಿಜ್ಞಾನಿಗಳನ್ನೇ ಕೇಳಬೇಕು.

ರಾತ್ರಿಯ ಪಾಳಿ ಪತಂಗಗಳದು. ಭಾರತದಲ್ಲಿ ಚಿಟ್ಟೆಗಳು ಸಾವಿರದ ಮುನ್ನೂರು ದಾಟಿದರೆ ಪತಂಗಗಳು ಹತ್ತು ಸಾವಿರ ದಾಟುತ್ತವೆ. ಮಹಡಿಯ ಮೇಲೆ ಬಿಳಿ ಪಂಚೆ ಕಟ್ಟಿ ಬಲ್ಬು ಹಾಕಿದರೆ ಅವು ತಾವಾಗಿ ಬರುತ್ತವೆ. ಮೊದಲು ಬಂದದ್ದು ಪಕ್ಕದ ಬೀದಿಯ ಮಕ್ಕಳು, ಚಾಪೆ ಸಮೇತ, ರಜನಿ ಪಿಕ್ಚರ್ ಎಂದುಕೊಂಡು.

ಬಲ್ಬಿನ ವಿಷಯದಲ್ಲಿ ನಮ್ಮೂರಿನ ಪತಂಗಗಳಿಗೆ ಹಿರಿತನವಿದೆ. ಶಿವನಸಮುದ್ರದ ಕರೆಂಟು 1902ರಲ್ಲೇ ಗಣಿಗೆ ಬಂತು. ಬೆಂಗಳೂರಿನ ಬೀದಿಗೆ ಬಂದದ್ದು 1905ರಲ್ಲಿ. ಬಲ್ಬಿನ ಸುತ್ತ ತಲೆ ಕೆಡಿಸಿಕೊಳ್ಳುವ ಭಾಗ್ಯ ರಾಜಧಾನಿಗಿಂತ ಮೂರು ವರ್ಷ ಮುಂಚೆಯೇ ನಮ್ಮವಕ್ಕೆ ಸಿಕ್ಕಿರಬೇಕು. ಅವು ದೀಪವನ್ನು ಪ್ರೀತಿಸಿ ಸಾಯುತ್ತವೆ ಎಂದು ಕವಿಗಳು ಹೇಳಿದ್ದನ್ನು 2024ರ ಜನವರಿಯಲ್ಲಿ ಪ್ರಕಟವಾದ ಸಂಶೋಧನೆಯೊಂದು ಕೆಡಿಸಿಬಿಟ್ಟಿತು. ಹಾರುವ ಹುಳುಗಳು ಬೆಳಕಿನ ಕಡೆ ಬೆನ್ನು ತಿರುಗಿಸಿಕೊಳ್ಳುತ್ತವಂತೆ; ಆಕಾಶ ಮೇಲಿದ್ದಾಗ ಅದು ಸರಿ, ಬಲ್ಬು ಪಕ್ಕದಲ್ಲಿದ್ದರೆ ಸುತ್ತುವುದೊಂದೇ ದಾರಿ. ಪ್ರೇಮವಲ್ಲ, ದಿಕ್ಕು ತಪ್ಪಿದ್ದು. ಎರಡಕ್ಕೂ ಹೆಚ್ಚು ವ್ಯತ್ಯಾಸವಿಲ್ಲ ಎಂದು ತಾತನ ಮನೆಯ ಅಜ್ಜಿ ಹೇಳಿದರು.

ಬಂಗಾರಪೇಟೆ ಪಾನಿಪುರಿ ಗಾಡಿಯ ಎಲ್‌ಇಡಿ ದೀಪವೂ ನನ್ನ ಅಧ್ಯಯನ ಕೇಂದ್ರವೇ. ಬೇರೆ ಊರಿನ ಹಸಿರು ಪಾನಿಯಲ್ಲಿ ಏನು ಬಿದ್ದರೂ ಪುದೀನ ಎಂದೇ ಲೆಕ್ಕ. ಬಂಗಾರಪೇಟೆಯದು ತಿಳಿನೀರು, ಬಿದ್ದದ್ದು ಯಾವ ಕುಟುಂಬದ್ದೆಂದು ಕುಡಿಯುವ ಮೊದಲೇ ಹೇಳಬಹುದು. ಈ ಉಪಯೋಗವನ್ನು ಗಾಡಿಯವರಿಗೆ ವಿವರಿಸಿದೆ. “ಸಾರ್, ಗಿರಾಕಿಗಳ ಮುಂದೆ ಮಾತ್ರ ಹೇಳ್ಬೇಡಿ” ಎಂದು ಎರಡು ಪೂರಿ ಹೆಚ್ಚಿಗೆ ಕೊಟ್ಟರು.

ಕೋಲಾರ ಜಿಲ್ಲೆಯಲ್ಲಿ ದುಡ್ಡು ಕಂಡ ಪತಂಗ ರೇಷ್ಮೆಯದೊಂದೇ. ಸಾವಿರಾರು ವರ್ಷ ಸಾಕಿಸಿಕೊಂಡು ಅದು ಹಾರುವುದನ್ನೇ ಮರೆತಿದೆ. ಒಂದು ಒಳ್ಳೆಯ ಗೂಡಿನಿಂದ ಬಿಚ್ಚುವ ಎಳೆ ಸುಮಾರು ಒಂದು ಕಿಲೋಮೀಟರ್. ಚಾಂಪಿಯನ್ ರೀಫ್ ಗಣಿಯ ಆಳ ಮೂರು ಕಿಲೋಮೀಟರಿಗೂ ಹೆಚ್ಚು. ನಾಲ್ಕು ಗೂಡಿನ ಎಳೆ ಗಂಟು ಹಾಕಿದರೆ ತಳ ಮುಟ್ಟುತ್ತದೆ ಎಂದು ತಾತನಿಗೆ ಹೇಳಿದೆ. ಅವರು ಬಹಳ ಹೊತ್ತು ಯೋಚಿಸಿ, “ಕೆಳಗೆ ಬಿಸಿ ಜಾಸ್ತಿ ಸಾರ್, ರೇಷ್ಮೆ ಸುಟ್ಟೋಗತದೆ” ಎಂದರು. ಅವರಷ್ಟು ಆಳಕ್ಕೆ ನಾನು ಇಳಿದವನಲ್ಲ, ಒಪ್ಪಿಕೊಂಡೆ.

ಓದುಗರಲ್ಲಿ ಒಂದು ವಿನಂತಿ. ನಿಮ್ಮ ಕರಿಬೇವಿನ ಎಲೆಯ ಮೇಲೆ ಹಕ್ಕಿಯ ಹಿಕ್ಕೆ ಬಿದ್ದಂತೆ ಕಂಡರೆ ಒರೆಸಬೇಡಿ, ಔಷಧಿ ಹೊಡೆಯಬೇಡಿ; ಹತ್ತಿರ ಹೋಗಿ ಮೆಲ್ಲಗೆ ಮುಟ್ಟಿ. ತಲೆಯ ಹಿಂದಿನಿಂದ ಎರಡು ಕೊಂಬು ಚಾಚಿ ನಾತ ಬಿಟ್ಟರೆ ಅದು ಲೈಮ್ ಅಥವಾ ಮಾರ್ಮನ್ ಚಿಟ್ಟೆಯ ಮರಿ. ಒಗ್ಗರಣೆಗೆ ಬೇಕಾದ ಎಲೆ ಆ ವಾರದ ಮಟ್ಟಿಗೆ ಪಕ್ಕದ ಮನೆಯಿಂದ ತನ್ನಿ.